ಒಂದು ವರ್ಷದ ಪರೀಕ್ಷೆ: ವಿಜ್ಞಾನಿ ಕಮಲಾ ಸೊಹೊನಿ ಅವರ ಬದುಕು



ಜೀವನ ಪರಿಚಯದ ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಸಂತರ, ಧರ್ಮಸಭೆಗಾಗಿ ದುಡಿದವರ ಬದುಕನ್ನು ಓದುತ್ತೇವೆ. ಈ ತಿಂಗಳು ಒಬ್ಬ ವಿಜ್ಞಾನಿಯ ಕಥೆ. ಅವರು ನಮ್ಮ ಧರ್ಮಸಭೆಯವರಲ್ಲ. ಹುಟ್ಟಿನಿಂದ ಕನ್ನಡದವರೂ ಅಲ್ಲ, ಗೋವೆಯವರೂ ಅಲ್ಲ. ಆದರೆ ಅವರ ಬದುಕಿನ ದೊಡ್ಡ ತಿರುವು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಹೆಸರು ಡಾ. ಕಮಲಾ ಸೊಹೊನಿ. ಹುಟ್ಟಿದ್ದು ಜೂನ್ ತಿಂಗಳಲ್ಲಿ, ತೀರಿಕೊಂಡದ್ದೂ ಜೂನ್ ತಿಂಗಳಲ್ಲಿ. ಕಾಲೇಜುಗಳ ಪ್ರವೇಶ ನಡೆಯುವ ಈ ದಿನಗಳಲ್ಲಿ ಅವರನ್ನು ನೆನೆಯಲು ಇನ್ನೂ ಒಂದು ಕಾರಣವಿದೆ.

ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈಗ ಒಂದೇ ಮಾತು: ಮುಂದೇನು? ಮಗನಾದರೆ ಯಾವ ಕೋರ್ಸ್ ಎಂದು ಕೇಳುತ್ತೇವೆ. ಮಗಳಾದರೆ ಎಷ್ಟೋ ಮನೆಗಳಲ್ಲಿ, ಇನ್ನೂ ಓದಿಸಬೇಕೇ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಮಗ ಓದುತ್ತಾನೆ ಎಂದು ನಂಬಿ ಕಳಿಸುತ್ತೇವೆ. ಮಗಳು ಮೊದಲು ಓದಿ ತೋರಿಸಬೇಕು, ಆಮೇಲೆ ನಂಬುತ್ತೇವೆ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಕಮಲಾ ಎದುರಿಸಿದ್ದೂ ಇದನ್ನೇ.

ರಸಾಯನಶಾಸ್ತ್ರದ ಮನೆ

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ಮದುವೆಗೆ ಮುಂಚಿನ ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಭಾಗವತ್, ತಂದೆಯ ಸಹೋದರ ಮಾಧವರಾವ್, ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟು, ಟಾಟಾ ಮನೆತನದ ದಾನದಿಂದ 1909ರಲ್ಲಿ ಶುರುವಾದ ಆ ಸಂಸ್ಥೆಯನ್ನು ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಆ ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಬೇಲಿ ಹಾಕಲಿಲ್ಲ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿಯಾದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೆದರದೆ ಮಾತನಾಡಿದವರು ಎಂದು ಗೋವೆಯಲ್ಲಿ ಮರಾಠಿ ಓದುವವರಿಗೆ ಅವರ ಪರಿಚಯ ಚೆನ್ನಾಗಿಯೇ ಇದೆ. ತಂಗಿ ವಿಜ್ಞಾನದ ದಾರಿ ಹಿಡಿದರು. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಜೊತೆಗೆ. ಅರ್ಹತೆಯ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ತಂದೆ ಓದಿದ ಸಂಸ್ಥೆಯಲ್ಲೇ ಮುಂದೆ ಓದಬೇಕೆಂದು ಅರ್ಜಿ ಹಾಕಿದರು. ಇಷ್ಟು ಅಂಕ ಬಂದವರಿಗೆ ಸೀಟು ಸಿಗುವುದರಲ್ಲಿ ಅನುಮಾನ ಏಕೆ ಇರಬೇಕು?

ಬಾಗಿಲಲ್ಲಿ ಸತ್ಯಾಗ್ರಹ

ಅದೇ 1933ರಲ್ಲಿ ಆ ಸಂಸ್ಥೆಗೆ ಹೊಸ ನಿರ್ದೇಶಕರು ಬಂದಿದ್ದರು. ಅವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು, ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಶಾಲೆಯಲ್ಲಿ ನಾವೆಲ್ಲರೂ ಅವರ ಪಾಠ ಓದಿದ್ದೇವೆ, ಬಿ.ಎಸ್‌ಸಿ.ಯಲ್ಲಿ ರಾಮನ್ ಪರಿಣಾಮವನ್ನು ಬರೆದು ಅಂಕ ಗಳಿಸಿದ್ದೇವೆ. ಅಂಥ ದೊಡ್ಡವರು ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಕಡಿಮೆ ಎಂದಲ್ಲ. ಹೆಣ್ಣು ಎಂದು. ಸಂಶೋಧನೆ ಹೆಣ್ಣುಮಕ್ಕಳಿಂದ ಆಗುವ ಕೆಲಸವಲ್ಲ ಎಂಬುದು ಅವರ ಎಣಿಕೆಯಾಗಿತ್ತು.

ಇಲ್ಲ ಎಂದ ಮೇಲೆ ಮನೆಗೆ ಹಿಂದಿರುಗುವುದು ಆ ಕಾಲದ ರೂಢಿ. ಕಮಲಾ ಹಿಂದಿರುಗಲಿಲ್ಲ. ಕಾರಣ ಕೇಳಿದರು. ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಅದಕ್ಕೆ ಮೂರು ವರ್ಷ ಮುಂಚೆ, 1930ರಲ್ಲಿ, ಗಾಂಧೀಜಿ ದಂಡಿಗೆ ನಡೆದಿದ್ದರು. ನಮ್ಮ ಕಾರವಾರದ ಪಕ್ಕದ ಅಂಕೋಲೆಯಲ್ಲೂ ಜನ ಉಪ್ಪು ತಯಾರಿಸಿ ಕಾನೂನು ಮುರಿದಿದ್ದರು. ಸರ್ಕಾರದ ಮುಂದೆ ಜನ ಹೂಡುತ್ತಿದ್ದ ಹಠವನ್ನು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ವಿಜ್ಞಾನ ಸಂಸ್ಥೆಯ ಬಾಗಿಲಿಗೆ ತಂದಳು.

ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳೊಂದಿಗೆ. ಮೊದಲನೆಯದು, ಒಂದು ವರ್ಷ ಅವರು ನಿಯಮಿತ ವಿದ್ಯಾರ್ಥಿ ಅಲ್ಲ. ಕೆಲಸದ ಗುಣಮಟ್ಟ ನೋಡಿ ತೃಪ್ತಿಯಾದ ಮೇಲಷ್ಟೇ ಮಾನ್ಯತೆ. ಎರಡನೆಯದು, ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಅವರ ಇರುವಿಕೆಯಿಂದ ಅಲ್ಲಿನ ಗಂಡಸರ ಗಮನ ಚದುರಬಾರದು.

ಈ ಮೂರನ್ನೂ ಇನ್ನೊಮ್ಮೆ ಓದಿ ನೋಡಿ. ರಾತ್ರಿ ಹೊತ್ತು ದುಡಿಯುವುದು ಸಂಶೋಧನೆಯಲ್ಲಿ ಎಲ್ಲರ ಪಾಲಿಗೂ ಬರುತ್ತದೆ, ಅದರಲ್ಲಿ ದೂರೇನೂ ಇಲ್ಲ. ಆದರೆ ಒಂದು ವರ್ಷದ ಪರೀಕ್ಷೆ? ಪರೀಕ್ಷೆಯನ್ನು ಅವರು ಆಗಲೇ ಬರೆದಾಗಿತ್ತು, ಮೊದಲ ಸ್ಥಾನವೂ ಬಂದಾಗಿತ್ತು. ಗಂಡುಮಕ್ಕಳಿಗೆ ಆ ಅಂಕಪಟ್ಟಿ ಸಾಕಾಗುತ್ತಿತ್ತು. ಹೆಣ್ಣುಮಗಳಿಗೆ ಮಾತ್ರ ಅದರ ಮೇಲೆ ಇನ್ನೊಂದು ಪರೀಕ್ಷೆ. ಮೂರನೆಯ ಷರತ್ತು ಇನ್ನೂ ವಿಚಿತ್ರ. ಗಂಡಸರ ಗಮನ ಚದುರಿದರೆ ಅದನ್ನು ಹಿಡಿದಿಟ್ಟುಕೊಳ್ಳಬೇಕಾದವರು ಯಾರು? ಇನ್ನೊಬ್ಬರ ಕಣ್ಣಿಗೆ ಈಕೆ ಜಾಮೀನು ಕೊಡಬೇಕಾಯಿತು.

ಕಮಲಾ ಮೂರಕ್ಕೂ ಒಪ್ಪಿದರು. ಸರಿ ಎಂದು ತೋರಿದ್ದರಿಂದ ಅಲ್ಲ, ಬೇರೆ ಬಾಗಿಲು ಇರಲಿಲ್ಲವಾದ್ದರಿಂದ. ಆ ಅವಮಾನ ಅವರ ಮನಸ್ಸಿನಿಂದ ಕೊನೆಯವರೆಗೂ ಮಾಸಲಿಲ್ಲ. ಇಳಿವಯಸ್ಸಿನಲ್ಲಿ ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ ಮಾತನಾಡುತ್ತಾ, ರಾಮನ್ ಮಹಾನ್ ವಿಜ್ಞಾನಿಯಾಗಿದ್ದರೂ ಈ ವಿಷಯದಲ್ಲಿ ಅವರ ಮನಸ್ಸು ಕಿರಿದಾಗಿತ್ತು ಎಂದು ಅವರು ನೇರವಾಗಿ ಹೇಳಿದರು.

ಬೆಂಗಳೂರಿನಲ್ಲಿ ಅವರಿಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಬಡವರ ತಟ್ಟೆಯಲ್ಲಿ ಮಾಂಸ, ಮೊಟ್ಟೆ ಇಲ್ಲದಿದ್ದಾಗ ಶಕ್ತಿ ಬರಬೇಕಾದದ್ದು ಬೇಳೆಯಿಂದಲೇ. ಹಾಗಾಗಿ ಅದು ದೇಶಕ್ಕೆ ಬೇಕಾದ ವಿಷಯವಾಗಿತ್ತು. ವರ್ಷ ಕಳೆಯಿತು. ರಾಮನ್ ಅವರಿಗೆ ತೃಪ್ತಿಯಾಯಿತು, ಕಮಲಾ ನಿಯಮಿತ ವಿದ್ಯಾರ್ಥಿಯಾದರು. 1936ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಪದವಿಯನ್ನು ವಿಶೇಷ ದರ್ಜೆಯಲ್ಲಿ ಪಡೆದರು. ಅವರ ಕೆಲಸ ಕಂಡ ಮೇಲೆ ಹೆಣ್ಣುಮಕ್ಕಳ ವಿಷಯದಲ್ಲಿ ರಾಮನ್ ಅವರ ಬಿಗಿ ಸಡಿಲವಾಯಿತು. ಅನಂತರದ ವರ್ಷಗಳಲ್ಲಿ ಅವರದೇ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳು ಸಂಶೋಧನೆ ನಡೆಸಿದರು.

ಇಷ್ಟು ಓದಿ ನಮಗೆ ಸಂತೋಷವಾಗುತ್ತದೆ. ಆದರೆ ಒಂದು ಮಾತು ಉಳಿಯುತ್ತದೆ. ಕಮಲಾ ಕುಳಿತರು, ಆದ್ದರಿಂದ ಅವರ ಹೆಸರು ನಮಗೆ ಗೊತ್ತು. ಇಲ್ಲ ಎಂದಾಗ ತಲೆ ತಗ್ಗಿಸಿ ಮನೆಗೆ ಹೋದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆಲೂಗಡ್ಡೆಯೊಳಗಿನ ಉಸಿರು

1937ರಲ್ಲಿ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಸೇರಿದ್ದು ಹೆಣ್ಣುಮಕ್ಕಳಿಗಾಗಿಯೇ ಇದ್ದ ನ್ಯೂನಮ್ ಕಾಲೇಜು. ಕೆಲಸ ಮಾಡಿದ್ದು ಸರ್ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ. ಜೀವಸತ್ವಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದವರು ಈ ಹಾಪ್‌ಕಿನ್ಸ್. ಮೊದಲು ಡೆರಿಕ್ ರಿಕ್ಟರ್ ಎಂಬ ವಿಜ್ಞಾನಿ ಅವರಿಗೆ ಮಾರ್ಗದರ್ಶಕರಾಗಿದ್ದರು. ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಮೇಲೆ ಕೆಲಸ ಮುಂದುವರಿಸಿದರು.

ಕಮಲಾ ಎತ್ತಿಕೊಂಡದ್ದು ನಮ್ಮ ಅಡುಗೆಮನೆಯ ಆಲೂಗಡ್ಡೆಯನ್ನು. ನಾವು ತಿಂದ ಅನ್ನ ದೇಹದೊಳಗೆ ಶಕ್ತಿಯಾಗಬೇಕಾದರೆ ಪ್ರತಿ ಜೀವಕೋಶದಲ್ಲೂ ಆಮ್ಲಜನಕದ ನೆರವಿನಿಂದ ಒಂದು ಬಗೆಯ ನಿಧಾನದ ಉರಿ ನಡೆಯುತ್ತಿರಬೇಕು. ಆ ಕೆಲಸದಲ್ಲಿ ಕೈಯಿಂದ ಕೈಗೆ ಬಿಂದಿಗೆ ದಾಟಿಸುವಂತೆ ಎಲೆಕ್ಟ್ರಾನುಗಳನ್ನು ದಾಟಿಸುವ, ಕಬ್ಬಿಣದ ಅಂಶವಿರುವ ಒಂದು ಪ್ರೋಟೀನು ಇದೆ. ಅದರ ಹೆಸರು ಸೈಟೋಕ್ರೋಮ್ ಸಿ. ಪ್ರಾಣಿಗಳಲ್ಲಿ ಇದು ಇರುವುದು ಆಗ ಗೊತ್ತಿತ್ತು. ಸಸ್ಯಗಳ ಜೀವಕೋಶಗಳಲ್ಲೂ ಇದೇ ಕೆಲಸ ಮಾಡುತ್ತದೆ ಎಂದು ಕಮಲಾ ತೋರಿಸಿಕೊಟ್ಟರು. ಮಣ್ಣಿನೊಳಗಿನ ಗೆಡ್ಡೆಯೂ ನಾವೂ ಒಳಗೊಳಗೆ ಒಂದೇ ರೀತಿ ಉಸಿರಾಡುತ್ತೇವೆ ಎಂದರೆ ಸೃಷ್ಟಿಯ ಬಗ್ಗೆ ಬೆರಗು ಹುಟ್ಟದೆ ಇರುತ್ತದೆಯೇ?

ಆ ಸಂಶೋಧನೆಯನ್ನು ಅವರು ಮುಗಿಸಿದ್ದು ಸುಮಾರು 14 ತಿಂಗಳಲ್ಲಿ. ಪ್ರಬಂಧ ಕೇವಲ 40 ಪುಟ. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುವುದು ವಾಡಿಕೆ. ಆದರೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲೇ ಡಾಕ್ಟರೇಟ್ ಪಡೆದಿದ್ದರು ಎಂಬುದನ್ನೂ ಮರೆಯಬಾರದು.

ಕೇಂಬ್ರಿಜ್ ಎಂದರೆ ಎಲ್ಲವೂ ಸಮಾನವಾಗಿತ್ತು ಎಂದುಕೊಳ್ಳಬೇಡಿ. ಅಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು. ಆದರೆ ಗಂಡಸರಂತೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರಾಗುವ ಹಕ್ಕು ಅವರಿಗೆ ಸಿಕ್ಕಿದ್ದು 1948ರಲ್ಲಿ. ಅಲ್ಲಿಯವರೆಗೆ ಹೆಸರಿಗೆ ಮಾತ್ರ ಪದವಿ. ಏಳುನೂರು ವರ್ಷದ ಹಳೆಯ ವಿಶ್ವವಿದ್ಯಾಲಯಕ್ಕೂ ಇದನ್ನು ಕಲಿಯಲು ಅಷ್ಟು ಕಾಲ ಬೇಕಾಯಿತು.

ಅವರೆಕಾಳು ಮತ್ತು ನೀರಾ

ಇಂಗ್ಲೆಂಡಿನಲ್ಲೇ ಉಳಿಯಬಹುದಾಗಿದ್ದ ಕಮಲಾ 1939ರಲ್ಲಿ ತಾಯ್ನಾಡಿಗೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಆಮೇಲೆ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಬಗ್ಗೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರೊಂದಿಗೆ ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆ, ಅಂದರೆ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಅವರ ಮುಂದಿನ ಕರ್ಮಭೂಮಿಯಾಯಿತು.

ಮುಂಬಯಿಯಲ್ಲಿ ತಮ್ಮ ವಿದ್ಯಾರ್ಥಿಗಳೊಂದಿಗೆ ಮತ್ತೆ ಬೇಳೆಕಾಳಿಗೆ ಬಂದರು. ನಮಗೆಲ್ಲ ಬಾಯಲ್ಲಿ ನೀರೂರಿಸುವ ಅವರೆಕಾಳನ್ನೇ ತೆಗೆದುಕೊಳ್ಳಿ. ಅದರಲ್ಲಿ ಪ್ರೋಟೀನು ಚೆನ್ನಾಗಿದೆ. ಆದರೆ ಆ ಪ್ರೋಟೀನನ್ನು ಹೊಟ್ಟೆಯಲ್ಲಿ ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವದ ಕೈ ಕಟ್ಟಿಹಾಕುವ ಪದಾರ್ಥವೂ ಹಸಿ ಕಾಳಿನಲ್ಲಿ ಇದೆ. ಆ ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ಅವರ ಪ್ರಯೋಗಾಲಯದ ಕೆಲಸವನ್ನು 1955ರಲ್ಲಿ ಜಗತ್ಪ್ರಸಿದ್ಧ ನೇಚರ್ ಪತ್ರಿಕೆ ಪ್ರಕಟಿಸಿತು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಇಂಥ ಪದಾರ್ಥಗಳ ಕಾಟ ಬಹುಮಟ್ಟಿಗೆ ಹೋಗುತ್ತದೆ. ಅವರೆಕಾಳು ಮೆತ್ತಗೆ ಬೇಯಲಿ ಎಂದು ಅಜ್ಜಿ ಒಲೆಯ ಮುಂದೆ ಕಾಯುತ್ತಿದ್ದುದಕ್ಕೆ ವಿಜ್ಞಾನದ ಕಾರಣವೂ ಇತ್ತು.

ಅವರ ಇನ್ನೊಂದು ಹೆಸರಾಂತ ಕೆಲಸ ನೀರಾ ಬಗ್ಗೆ. ಗೋವೆಯಲ್ಲಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿನ ರೆಂದೇರರು ತೆಂಗಿನ ಮರ ಹತ್ತಿ ಇಳಿಸುವ ರಸ ಹುಳಿಯುವುದಕ್ಕೆ ಮುಂಚೆ ಸಿಹಿಯಾಗಿರುತ್ತದೆ. ತಾಳೆ, ಈಚಲು ಮರಗಳಿಂದಲೂ ಇಂಥ ರಸ ಇಳಿಸುತ್ತಾರೆ. ಇದರಲ್ಲಿ ಪೋಷಕಾಂಶ ಎಷ್ಟಿದೆ ನೋಡಬೇಕೆಂದು ಮೊದಲ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಸೂಚಿಸಿದರು. ನೀರಾದಲ್ಲಿ ಎ ಮತ್ತು ಸಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇವೆ, ಅದನ್ನು ಕಾಯಿಸಿ ಬೆಲ್ಲ ಮಾಡಿದರೂ ಇವು ಉಳಿಯುತ್ತವೆ ಎಂದು ಕಮಲಾ ಕಂಡುಕೊಂಡರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಸಮುದಾಯಗಳ ಹರೆಯದ ಮಕ್ಕಳಿಗೂ ಗರ್ಭಿಣಿಯರಿಗೂ ನೀರಾ ಕೊಟ್ಟಾಗ ಅವರ ಆರೋಗ್ಯ ಸುಧಾರಿಸಿತು. ಬಡವರಿಗೆ ಎಟುಕುವ ಔಷಧ ಮರದ ಮೇಲೇ ಇತ್ತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದರು.

ಇಷ್ಟೆಲ್ಲ ಆದ ಮೇಲೂ ಹಳೆಯ ಪರೀಕ್ಷೆ ಬಿಡಲಿಲ್ಲ. ಮುಂಬಯಿಯ ಆ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ನ್ಯಾಯವಾಗಿ ಬರಬೇಕಾಗಿತ್ತು. ಒಳರಾಜಕೀಯದಿಂದಲೂ ಹೆಣ್ಣೆಂಬ ತಾತ್ಸಾರದಿಂದಲೂ ಅದು ನಾಲ್ಕು ವರ್ಷ ತಡವಾಯಿತು. ಬೆಂಗಳೂರಿನಲ್ಲಿ ಇಪ್ಪತ್ತೆರಡರ ಹುಡುಗಿಯನ್ನು ಒಂದು ವರ್ಷ ಕಾಯಿಸಿದರು. ಮುಂಬಯಿಯಲ್ಲಿ ಹೆಸರು ಮಾಡಿದ ಪ್ರಾಧ್ಯಾಪಕಿಯನ್ನು ನಾಲ್ಕು ವರ್ಷ ಕಾಯಿಸಿದರು. ಕೊನೆಗೆ ಆ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ ಅವರಾದರು.

ಪ್ರಯೋಗಾಲಯದ ಹೊರಗೂ ಅವರು ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಗ್ರಾಹಕರ ಸಂಘದಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯಾಗಿದ್ದರು. ಕೊಳ್ಳುವವರು ಮೋಸಹೋಗದಂತೆ ಎಚ್ಚರಿಸುವ ಲೇಖನಗಳನ್ನು ಅದರ ಪತ್ರಿಕೆ ಕೀಮತ್‌ನಲ್ಲಿ ಬರೆದರು.

ಅವರ ಕಥೆ ಬಹುಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ಮಹಿಳಾ ಮುಖ್ಯಸ್ಥೆ ಡಾ. ಜಿ.ವಿ. ಸತ್ಯವತಿ ಅವರಿಗೆ ಇದು ಗೊತ್ತಾಗಿ, ದೆಹಲಿಗೆ ಕರೆಸಿ ಸನ್ಮಾನ ಏರ್ಪಡಿಸಿದರು. ಎಂಬತ್ತು ದಾಟಿದ ಕಮಲಾ ಆ ಸಮಾರಂಭದಲ್ಲೇ ಕುಸಿದುಬಿದ್ದರು. ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1998ರ ಜೂನ್ 28ರಂದು ತೀರಿಕೊಂಡರು.

ಬಾಗಿಲು ತೆರೆದಿದೆ, ಆದರೆ

ಕಮಲಾ ಅವರಿಂದ ಎಲ್ಲವೂ ಸರಿಹೋಯಿತೇ? 1940ರಲ್ಲಿ ತಿರುವಾಂಕೂರಿನ ಕ್ರೈಸ್ತ ಕುಟುಂಬದ ಹುಡುಗಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ವಜ್ರ, ಮಾಣಿಕ್ಯಗಳು ಹೊರಸೂಸುವ ಬೆಳಕಿನ ಮೇಲೆ ಹಲವು ವರ್ಷ ದುಡಿದು, 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಅವರು ಅಲ್ಲಿಗೇ ನಿಲ್ಲದೆ ಹವಾಮಾನ ವಿಜ್ಞಾನಕ್ಕೆ ಹೋಗಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು.

ನಾವಿರುವ ಗೋವೆಗೇ ಬರೋಣ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿ ಅದಿತಿ ಪಂತ್ 1983ರಲ್ಲಿ ಹೊರಟ ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದರು. ಅವರೂ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅವರೂ ಆ ಹಿಮದ ನೆಲಕ್ಕೆ ಕಾಲಿಟ್ಟ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು. ನಮ್ಮಲ್ಲಿ ಅನೇಕರು ಬಸ್ಸಿನಲ್ಲಿ ಆ ಸಂಸ್ಥೆಯನ್ನು ದಾಟಿ ಹೋಗಿದ್ದೇವೆ. ನಮ್ಮ ಮನೆಯ ಹುಡುಗಿಯೊಬ್ಬಳು ಒಳಗೆ ಕೆಲಸ ಮಾಡಬಹುದು ಎಂದು ಎಷ್ಟು ಮಂದಿ ಯೋಚಿಸಿದ್ದೇವೆ?

ಇಂದು ಕಾಲೇಜಿನ ಬಾಗಿಲಲ್ಲಿ ಯಾರೂ ಹೆಣ್ಣುಮಕ್ಕಳನ್ನು ತಡೆಯುವುದಿಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದಲ್ಲಿ ಓದುವ ಸುಮಾರು 57 ಲಕ್ಷ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ನಾನು ಬಿ.ಎಸ್‌ಸಿ. ಓದುವಾಗಲೂ ತರಗತಿಯಲ್ಲಿ ನಾವೇ ಹೆಚ್ಚಿದ್ದೆವು. ಆದರೆ ದೇಶದ ಸಂಶೋಧಕರನ್ನು ಎಣಿಸಿದರೆ ಐವರಲ್ಲಿ ಒಬ್ಬಳೂ ಹೆಣ್ಣಿಲ್ಲ. ಜಗತ್ತಿನಲ್ಲಿ ಈ ಪ್ರಮಾಣ ಸುಮಾರು ಮೂರರಲ್ಲಿ ಒಂದು. ಓದಿದ ಆ ಹುಡುಗಿಯರೆಲ್ಲ ಎಲ್ಲಿ ಹೋದರು?

ಮದುವೆಯಾಯಿತು, ಮಕ್ಕಳಾದರು, ಅವರೇ ಬಿಟ್ಟರು ಎಂಬುದು ಸಾಮಾನ್ಯ ಉತ್ತರ. ಬೆಂಗಳೂರಿನ ಸಂಶೋಧಕಿಯರು 2010ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ವಿಜ್ಞಾನದಲ್ಲಿ ತರಬೇತಿ ಪಡೆದೂ ಸಂಶೋಧನೆಯಿಂದ ಹೊರಗುಳಿದ ಮಹಿಳೆಯರನ್ನೇ ಕೇಳಿದಾಗ, ಅವರು ಮುಖ್ಯವಾಗಿ ಹೇಳಿದ್ದು ಮನೆಯ ಹೊಣೆಯನ್ನಲ್ಲ, ತಕ್ಕ ಕೆಲಸ ಸಿಗದಿದ್ದುದನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ದಿವಂಗತ ರೋಹಿಣಿ ಗೋಡಬೋಲೆ ಆ ಅಧ್ಯಯನದಲ್ಲಿದ್ದರು. ಭಾರತದ ಮಹಿಳಾ ವಿಜ್ಞಾನಿಗಳ ಬದುಕನ್ನು ಪುಸ್ತಕವಾಗಿ ಸಂಪಾದಿಸಿದವರಲ್ಲೂ ಅವರು ಒಬ್ಬರು. ಕಮಲಾ ಕುಳಿತಿದ್ದ ಸಂಸ್ಥೆಯಲ್ಲೇ ಒಬ್ಬ ಪ್ರಾಧ್ಯಾಪಕಿ ಈ ಪ್ರಶ್ನೆಯನ್ನು ಎತ್ತಿ ಉತ್ತರ ಹುಡುಕಿದರು.

ಈಗ ನಮ್ಮ ಪಾಲಿನ ಮಾತು. ನಮ್ಮ ಹೆಚ್ಚಿನ ಕುಟುಂಬಗಳು ಕೆಲಸ ಹುಡುಕಿಕೊಂಡು ಕರ್ನಾಟಕದಿಂದ ಇಲ್ಲಿಗೆ ಬಂದವು. ಮನೆಯ ಬಾಡಿಗೆ, ಊರಿಗೆ ಕಳಿಸುವ ಹಣ, ಎಲ್ಲ ಕಳೆದು ಉಳಿಯುವುದು ಕಡಿಮೆ. ಇಬ್ಬರನ್ನೂ ಓದಿಸಲು ಆಗದಿದ್ದಾಗ ಮಗಳ ಓದು ಮೊದಲು ನಿಲ್ಲುತ್ತದೆ. ಇದನ್ನು ಕಠಿಣ ಹೃದಯ ಎನ್ನಲಾಗದು, ಕಷ್ಟ ಅಂಥದು. ಆದರೆ ತೀರ್ಮಾನ ಮಾಡುವಾಗ ಒಂದು ಮಾತನ್ನು ಕೇಳಿಕೊಳ್ಳೋಣ: ಮಗನಿಗೆ ಕೇಳದ ಯಾವ ಪರೀಕ್ಷೆಯನ್ನು ಮಗಳಿಗೆ ಇಡುತ್ತಿದ್ದೇವೆ? ಇಬ್ಬರ ಅಂಕಪಟ್ಟಿಯನ್ನೂ ಒಂದೇ ಕಣ್ಣಿನಿಂದ ನೋಡಿದ್ದೇವೆಯೇ? ಕಮಲಾ ಅವರಿಗೆ ಹಠವಿತ್ತು, ಜೊತೆಗೆ ಕಾಲೇಜಿಗೆ ಕಳಿಸಿದ ತಂದೆಯೂ ಇದ್ದರು. ಹಠವೊಂದೇ ಸಾಲುವುದಿಲ್ಲ.

ತಂಗಿಯರೇ, ನಿಮಗೂ ಒಂದು ಮಾತು. ಅಂಕ ಬಂದಿದ್ದರೆ ಸೀಟು ಕೇಳಿ. ಇಲ್ಲ ಎಂದರೆ ಕಾರಣ ಕೇಳಿ. ಹುಡುಗರೇ, ಅಕ್ಕ ತಂಗಿಯರ ಪರವಾಗಿ ಮನೆಯಲ್ಲಿ ಮಾತನಾಡುವುದು ನಿಮ್ಮ ಕೆಲಸವೂ ಹೌದು.

ಈ ತಿಂಗಳ ಎಲ್ಲ ಭಾನುವಾರಗಳಲ್ಲಿ ಕನ್ನಡ ಬಲಿಪೂಜೆ ಮುಗಿದ ಮೇಲೆ ಯುವಜನರ ಕೋಣೆಯಲ್ಲಿ ನಾವು ಕೆಲವರು ಕುಳಿತಿರುತ್ತೇವೆ. ಕಾಲೇಜಿನ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಜಾತಿ ಅಥವಾ ವಾಸಸ್ಥಳದ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳು, ಯಾವುದರಲ್ಲಿ ತೊಡಕಿದ್ದರೂ ತನ್ನಿ, ಸೇರಿ ನೋಡೋಣ. ಅಂಕಪಟ್ಟಿಯ ಜೆರಾಕ್ಸ್ ಮತ್ತು ಆಧಾರ್ ಕಾರ್ಡ್ ಜೊತೆಗಿರಲಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ.

ಧರ್ಮಕೇಂದ್ರದ ಯುವಜನ ಸಂಯೋಜಕಿ